ಅರವತ್ತು ದಾಟಿದ ಮೇಲೆ ಗೆಳೆತನ: ಹೆಡ್‌ಸೆಟ್ಟೋ, ವಿಡಿಯೋ ಕಾಲೋ, ಅಮಾನಿಕೆರೆಯೋ?

ತುಮಕೂರಿನ ಮನೆಗಳಲ್ಲಿ ಈಗ ಈ ಪ್ರಶ್ನೆ ಏಳುತ್ತಿದೆ. ಮಗನೋ ಮಗಳೋ ಹೊರದೇಶದಿಂದ ಬರುವಾಗ ಒಂದು ವಿ.ಆರ್. ಹೆಡ್‌ಸೆಟ್, ಅಂದರೆ ಕಣ್ಣಿಗೆ ಕಟ್ಟಿಕೊಂಡರೆ ಬೇರೊಂದು ಜಾಗದಲ್ಲೇ ಇದ್ದಂತೆ ಕಾಣಿಸುವ ಸಾಧನ, ತರುತ್ತಾರೆ. "ಅಮ್ಮಾ, ಇದನ್ನ ಹಾಕ್ಕೊಂಡ್ರೆ ಮನೇಲಿ ಕೂತೇ ಜನರ ಜೊತೆ ಮಾತಾಡಬಹುದು, ಬೇಜಾರೇ ಆಗಲ್ಲ" ಅನ್ನುತ್ತಾರೆ. ರಜೆ ಮುಗಿಯುತ್ತದೆ, ಅವರು ಹೊರಡುತ್ತಾರೆ, ಹೆಡ್‌ಸೆಟ್ ಬೀರು ಸೇರುತ್ತದೆ. ಇನ್ನು ಕೆಲವರು ಕೊಳ್ಳುವ ಮುಂಚೆಯೇ ಕೇಳುತ್ತಾರೆ: ಇಷ್ಟು ದುಡ್ಡು ಹಾಕಿದರೆ ಗೆಳೆಯರು ನಿಜವಾಗ್ಲೂ ಸಿಗ್ತಾರಾ?

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಯಾವ ಯಂತ್ರ ಅನ್ನುವುದು ಆಮೇಲಿನ ಮಾತು. ಅದೇ ಜನ, ಅದೇ ಹೊತ್ತಿಗೆ, ವಾರ ವಾರವೂ ಸಿಗುತ್ತಾರಾ ಅಂತ ಮೊದಲು ನೋಡಬೇಕು. ಕಾಲು ಗಟ್ಟಿ ಇದ್ದು, ಹೊರಗೆ ಹೋಗಲು ಅಡ್ಡಿ ಇಲ್ಲದವರು ಮೊದಲು ಊರನ್ನೇ ನಂಬಲಿ. ಮನೆ ಬಿಟ್ಟು ಹೊರಡಲಾಗದವರಿಗೆ, ತಮ್ಮವರೆಲ್ಲ ದೂರ ಇರುವವರಿಗೆ ಹೆಡ್‌ಸೆಟ್ ದೊಡ್ಡ ಉಪಕಾರ ಮಾಡಬಲ್ಲದು. ಇಬ್ಬರ ಮಧ್ಯೆ ಇರುವವರಿಗೆ ಸಾದಾ ವಿಡಿಯೋ ಕಾಲ್ ಸಾಕಾಗುತ್ತದೆ.

ಒಂಟಿತನ ಅಂದರೆ ಸುಮ್ನೆ ಬೇಜಾರು ಅಂತ ತಳ್ಳಿಹಾಕುವ ವಿಷಯ ಅಲ್ಲ. ಪ್ರಪಂಚದಲ್ಲಿ ಆರು ಜನರಲ್ಲಿ ಒಬ್ಬರಿಗೆ ಒಂಟಿತನ ಕಾಡುತ್ತಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2025ರ ವರದಿಯಲ್ಲಿ ಹೇಳಿದೆ. ನಿದ್ದೆ, ಬಿ.ಪಿ., ಹೃದಯ, ಮರೆವು ಎಲ್ಲಕ್ಕೂ ಅದರ ನಂಟಿದೆ. ಹಾಗಾಗಿ ಇದಕ್ಕೆ ಸ್ವಲ್ಪ ಯೋಚನೆ, ಸ್ವಲ್ಪ ದುಡ್ಡು ಹಾಕುವುದರಲ್ಲಿ ತಪ್ಪೇನಿಲ್ಲ.

ಗಂಟೆಗಳ ಲೆಕ್ಕ

ಅಮೆರಿಕದ ಕಾನ್ಸಾಸ್ ವಿಶ್ವವಿದ್ಯಾಲಯದ ಜೆಫ್ರಿ ಹಾಲ್ ಎಂಬ ಪ್ರಾಧ್ಯಾಪಕರು 2018ರಲ್ಲಿ ಒಂದು ಲೆಕ್ಕ ಕೊಟ್ಟರು. ಬರೀ ಪರಿಚಯ ಗೆಳೆತನದ ಕಡೆ ತಿರುಗಲು ಸುಮಾರು 50 ಗಂಟೆ ಜೊತೆಗೆ ಕಳೆಯಬೇಕು. ಗೆಳೆಯರು ಅನ್ನಿಸಿಕೊಳ್ಳಲು 90 ಗಂಟೆ. ಆಪ್ತರಾಗಲು 200 ಗಂಟೆಗೂ ಮೇಲೆ. ಅವರು ಕೇಳಿದ್ದು ಹೊಸ ಊರಿಗೆ ಹೋದವರನ್ನು ಮತ್ತು ಕಾಲೇಜು ಸೇರಿದ ಹೊಸ ಹುಡುಗರನ್ನು. ಹಿರಿಯರಿಗೆ ಅಂಕಿ ಹೆಚ್ಚುಕಮ್ಮಿ ಆಗಬಹುದು. ಆದರೂ ಈ ಲೆಕ್ಕ ಆಯ್ಕೆಗೆ ತುಂಬಾ ಉಪಯೋಗಕ್ಕೆ ಬರುತ್ತದೆ.

ನಮ್ಮೂರಿನ ಅಮಾನಿಕೆರೆ ಪಾರ್ಕಿನಲ್ಲಿ ಬೆಳಿಗ್ಗೆ ಒಂದೇ ಗುಂಪಿನ ಜೊತೆ ದಿನಾ ಒಂದು ಗಂಟೆ ನಡೆದರೆ 50 ಗಂಟೆ ಎರಡು ತಿಂಗಳೊಳಗೆ ಆಗಿಹೋಗುತ್ತದೆ. ವಾರಕ್ಕೆ ಒಂದು ಗಂಟೆಯ ವಿಡಿಯೋ ಕಾಲ್‌ನಲ್ಲಿ ಅಷ್ಟಾಗಲು ಹೆಚ್ಚುಕಡಿಮೆ ಒಂದು ವರ್ಷ ಬೇಕು. ಹೆಡ್‌ಸೆಟ್ಟನ್ನು ನಮ್ಮ ವಯಸ್ಸಿನವರು ಒಂದು ಸಲಕ್ಕೆ ಅರ್ಧ ಗಂಟೆಗಿಂತ ಜಾಸ್ತಿ ಹಾಕಿಕೊಳ್ಳುವುದು ಕಷ್ಟ. ವಾರಕ್ಕೆ ಎರಡು ಸಲ ಅಂದರೂ ಮತ್ತೆ ಅದೇ ಒಂದು ವರ್ಷ.

ಹಾಗಂದರೆ ಹೆಡ್‌ಸೆಟ್ ಸೋತಿತಾ? ಇಲ್ಲ. ಹಳೆಯ ಗೆಳೆತನಕ್ಕೆ ಈ ಲೆಕ್ಕ ಅನ್ವಯಿಸುವುದಿಲ್ಲ. ಜೊತೆಗೆ ಓದಿದವರು, ಒಂದೇ ಸ್ಕೂಲಿನಲ್ಲಿ ಮೂವತ್ತು ವರ್ಷ ಪಾಠ ಮಾಡಿದವರು, ಅಕ್ಕ ತಂಗಿಯರು, ಇವರೆಲ್ಲ ಆ ಗಂಟೆಗಳನ್ನು ಯಾವತ್ತೋ ಕಳೆದಾಗಿದೆ. ಅವರ ಜೊತೆ ನಂಟು ಒಣಗದ ಹಾಗೆ ನೋಡಿಕೊಂಡರೆ ಸಾಕು. ಹೆಡ್‌ಸೆಟ್ಟೂ ವಿಡಿಯೋ ಕಾಲೂ ಹೆಚ್ಚು ಕೆಲಸಕ್ಕೆ ಬರುವುದು ಇಲ್ಲಿ. ಹೊಸಬರನ್ನು ಗೆಳೆಯರನ್ನಾಗಿ ಮಾಡಿಕೊಳ್ಳುವ ವಿಷಯದಲ್ಲಿ ಮಾತ್ರ ಊರು ಮುಂದಿದೆ.

ಹೆಡ್‌ಸೆಟ್: ಏನು ಸಿಗುತ್ತದೆ, ಏನು ಸಿಗುವುದಿಲ್ಲ

ವಿ.ಆರ್. ಹೆಡ್‌ಸೆಟ್ ಅಂದರೆ ಕಣ್ಣಿಗೆ ಕಟ್ಟಿಕೊಳ್ಳುವ ಪರದೆ. ತಲೆ ತಿರುಗಿಸಿದ ಕಡೆಗೆ ಒಳಗಿನ ಜಾಗವೂ ತಿರುಗುತ್ತದೆ. ಎರಡು ಕೈಯಲ್ಲೂ ಒಂದೊಂದು ಕಂಟ್ರೋಲರ್ ಇರುತ್ತದೆ, ನಮ್ಮ ಕೈ ಆಡಿದಂತೆ ಒಳಗಿನ ಕೈಯೂ ಆಡುತ್ತದೆ. ಇನ್ನೊಬ್ಬರು ಗೊಂಬೆಯ ರೂಪದಲ್ಲಿ ಪಕ್ಕದಲ್ಲೇ ನಿಂತಿರುತ್ತಾರೆ. ಮುಖ ಅವರದಲ್ಲ, ದನಿ ಮಾತ್ರ ಅವರದೇ. ಎಡಗಡೆ ನಿಂತವರ ಮಾತು ಎಡಕಿವಿಗೇ ಕೇಳಿಸುತ್ತದೆ.

ನಮ್ಮ ಬೀದಿಯಲ್ಲಿ ಒಬ್ಬರು ನಿವೃತ್ತ ಮೇಡಂ ಇದ್ದಾರೆ. ಮಂಡಿ ಆಪರೇಷನ್ ಆದ ಮೇಲೆ ಮೆಟ್ಟಿಲಿಳಿಯುವುದೇ ದೊಡ್ಡ ಕೆಲಸ. ಅವರ ಅಕ್ಕ ನ್ಯೂಜೆರ್ಸಿಯಲ್ಲಿ ಮಗನ ಮನೆಯಲ್ಲಿದ್ದಾರೆ. ಇಬ್ಬರ ಹತ್ತಿರವೂ ಹೆಡ್‌ಸೆಟ್ ಇದೆ. ಒಂದು ಸಂಜೆ ಅವರು ಆಡುವಾಗ ಪಕ್ಕದಲ್ಲಿ ಕೂತಿದ್ದೆ. ವಾಕಬೌಟ್ ಮಿನಿ ಗಾಲ್ಫ್ ಅಂತ ಆಟ. ಚೆಂಡು ನೀರಿಗೆ ಬಿದ್ದಾಗ ಮೇಡಂ ಕುರ್ಚಿಯಲ್ಲೇ ಮುಂದಕ್ಕೆ ಬಗ್ಗಿ ಕೈ ಚಾಚಿದರು. "ಅಯ್ಯೋ, ನೀರಿಗೆ ಹೋಯ್ತಲ್ಲೇ ಅಕ್ಕಾ!" "ನಿಂಗೆ ಚಿಕ್ಕಂದಿನಿಂದ್ಲೂ ಅವಸರ, ಮೆಲ್ಲಗೆ ಹೊಡಿ ಅಂದ್ನಲ್ಲ." ಐದು ನಿಮಿಷದಲ್ಲಿ ಮಾತು ಗಾಲ್ಫ್ ಬಿಟ್ಟು ನಿಂಬೆಕಾಯಿ ಉಪ್ಪಿನಕಾಯಿಗೆ, ಅಲ್ಲಿಂದ ತೀರಿಹೋದ ಅಮ್ಮನ ಕಡೆಗೆ ಹೊರಳಿತು. ಚೆಂಡನ್ನು ಇಬ್ಬರೂ ಮರೆತಿದ್ದರು.

ವಿಡಿಯೋ ಕಾಲ್‌ಗೂ ಹೆಡ್‌ಸೆಟ್ಟಿಗೂ ಇರುವ ದೊಡ್ಡ ವ್ಯತ್ಯಾಸ ಇದೇ. ವಿಡಿಯೋ ಕಾಲ್‌ನಲ್ಲಿ ಮುಖ ನೋಡಿಕೊಂಡು ಕೂರಬೇಕು. "ಊಟ ಆಯ್ತಾ, ಮಳೆ ಬಂತಾ, ಮಾತ್ರೆ ತಗೊಂಡ್ಯಾ" ಆದ ಮೇಲೆ ಮಾತು ಖಾಲಿ. ಕೈಗೊಂದು ಕೆಲಸ ಇದ್ದರೆ ಮಾತು ತಾನಾಗಿ ಬರುತ್ತದೆ. ಅವರೆಕಾಯಿ ಬಿಡಿಸುತ್ತಾ ಜಗಲಿಯ ಮೇಲೆ ಕೂತ ಹಾಗೆ.

ಅಮೆರಿಕದಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ಹಿರಿಯರ 17 ವಸತಿ ಸಮುದಾಯಗಳಲ್ಲಿ ವಿ.ಆರ್. ಪ್ರಯೋಗ ಮಾಡಿದರು. 65ರಿಂದ 103 ವರ್ಷದ 245 ಮಂದಿ ಇದ್ದರು. ಸುಮಾರು ಶೇ 80ರಷ್ಟು ಜನ ಮನಸ್ಸು ಹಗುರಾಯಿತು ಅಂದರು. ಒಂಟಿತನ ಕಡಿಮೆ ಅನ್ನಿಸಿತು ಅಂದವರು ಶೇ 60ಕ್ಕೆ ಸ್ವಲ್ಪ ಕಡಿಮೆ. ಒಳ್ಳೆಯ ಫಲಿತಾಂಶವೇ. ಆದರೆ ಅಲ್ಲಿ ನೋಡಿಕೊಳ್ಳುವ ಸಿಬ್ಬಂದಿ ಇದ್ದರು ಅನ್ನುವುದು ನೆನಪಿರಲಿ. ನಮ್ಮ ಮನೆಯಲ್ಲಿ ಪೆಟ್ಟಿಗೆ ಕೊಟ್ಟು ವಿಮಾನ ಹತ್ತಿದರೆ ಅದೇ ಫಲ ಬರುವುದಿಲ್ಲ. ಮೊದಲ ಕೆಲವು ವಾರ ಪಕ್ಕದಲ್ಲಿ ಒಬ್ಬರು ಇರಲೇಬೇಕು. ಮೊಮ್ಮಗ, ಪಕ್ಕದ ಮನೆ ಹುಡುಗಿ, ಯಾರಾದರೂ ಆದೀತು. ಒಳಗೆ ಕಾಣುವುದನ್ನು ಟಿ.ವಿ.ಗೋ ಫೋನಿಗೋ ಹಾಕಿಟ್ಟರೆ "ಬಲಗಡೆ ಬಟನ್ ಒತ್ತಿ ಅಜ್ಜಿ" ಅಂತ ಹೇಳಿಕೊಡಲು ಸುಲಭ.

ಯಾವುದನ್ನು ಕೊಳ್ಳಬೇಕು? ಈಗ ಹೆಚ್ಚು ಜನರ ಬಳಿ ಇರುವುದು ಮೆಟಾ ಕಂಪನಿಯ ಕ್ವೆಸ್ಟ್ ಸಾಲಿನವು. ಕ್ವೆಸ್ಟ್ 3 ಬಂದದ್ದು 2023ರ ಅಕ್ಟೋಬರಿನಲ್ಲಿ, ಕ್ವೆಸ್ಟ್ 3ಎಸ್ 2024ರ ಅಕ್ಟೋಬರಿನಲ್ಲಿ. 3ಎಸ್ ಅಗ್ಗದ್ದು, ಅಮೆರಿಕದಲ್ಲಿ 300 ಡಾಲರಿಗೆ ಬಿಡುಗಡೆಯಾಯಿತು. ಇಲ್ಲಿ ತರಿಸಿ ಮಾರುವವರ ಬೆಲೆ ಅದಕ್ಕಿಂತ ಸಾಕಷ್ಟು ಜಾಸ್ತಿ ಇರುತ್ತದೆ. ಕೆಟ್ಟರೆ ಇಲ್ಲಿ ರಿಪೇರಿ ಆಗುತ್ತದಾ ಅಂತ ಕೊಳ್ಳುವ ಮುಂಚೆ ಕೇಳಿ. ಎರಡೂ ಅರ್ಧ ಕೆ.ಜಿ.ಗಿಂತ ಸ್ವಲ್ಪ ಹೆಚ್ಚು ತೂಗುತ್ತವೆ, ಭಾರವೆಲ್ಲ ಮುಂದಕ್ಕೇ. ಕುತ್ತಿಗೆ ನೋವು ಇರುವವರಿಗೆ ಇದು ಸಣ್ಣ ಮಾತಲ್ಲ. ಜೊತೆಗೆ ಬರುವ ಬಟ್ಟೆಯ ಪಟ್ಟಿ ಬಿಟ್ಟು, ಹಿಂದೆ ತಿರುಪು ಇರುವ ಗಟ್ಟಿ ಪಟ್ಟಿ ಹಾಕಿಸಿದರೆ ಭಾರ ಹಂಚಿಹೋಗುತ್ತದೆ.

ಹಿರಿಯರಿಗೆ ಕ್ವೆಸ್ಟ್ 3 ಮೇಲು ಅಂತ ನಾನು ಹೇಳುವುದು ಕಣ್ಣಿನ ಕಾರಣಕ್ಕೆ. ಎರಡು ಲೆನ್ಸುಗಳ ನಡುವಿನ ಅಂತರವನ್ನು ಅದರಲ್ಲಿ ಚಕ್ರ ತಿರುಗಿಸಿ ನಮ್ಮ ಕಣ್ಣಿಗೆ ಸರಿಯಾಗಿ ಹೊಂದಿಸಬಹುದು. 3ಎಸ್‌ನಲ್ಲಿ ಮೂರೇ ಅಳತೆ, ಸರಿಹೋದರೆ ಹೋಯಿತು. ಲೆನ್ಸಿನ ಗುಣಮಟ್ಟದಲ್ಲೂ 3 ಮುಂದಿದೆ. ಅಕ್ಷರ ಮಸುಕಾದರೆ ಹತ್ತು ನಿಮಿಷದಲ್ಲಿ ತಲೆನೋವು ಶುರು. ಕನ್ನಡಕ ಹಾಕಿಕೊಂಡೇ ಹೆಡ್‌ಸೆಟ್ ಹಾಕಬಹುದು. ಆದರೆ ಓದುವ ಕನ್ನಡಕ ಇದಕ್ಕೆ ಆಗುವುದಿಲ್ಲ. ಪರದೆ ಕಣ್ಣಿನ ಹತ್ತಿರವೇ ಇದ್ದರೂ ಲೆನ್ಸಿನಿಂದಾಗಿ ಕಣ್ಣಿಗೆ ಅದು ಒಂದೆರಡು ಮೀಟರ್ ದೂರ ಇದ್ದಂತೆ. ದೂರ ನೋಡುವ ಕನ್ನಡಕವನ್ನೇ ಹಾಕಿ ನೋಡಿ. ಪೊರೆ ಆಪರೇಷನ್ ಆಗಿ ಕೆಲವೇ ದಿನ ಆಗಿದ್ದರೆ ಕಣ್ಣಿನ ಡಾಕ್ಟರ್ ಸರಿ ಅನ್ನುವವರೆಗೂ ಬೇಡ.

ಪೇಸ್‌ಮೇಕರ್ ಇರುವವರು, ಕಿವಿಯ ಮಿಷನ್ ಹಾಕುವವರು, ಮೂರ್ಛೆ ಬರುವವರು ಮೊದಲು ಡಾಕ್ಟರನ್ನು ಕೇಳಲೇಬೇಕು. ತಯಾರಕರೇ ಈ ಎಚ್ಚರಿಕೆ ಬರೆದಿರುತ್ತಾರೆ. ತಲೆಸುತ್ತು ಬರುವವರು ಕೂತು ಆಡುವ, ಜಾಗ ತಾನಾಗಿ ಓಡದ ಆಟಗಳನ್ನೇ ಆರಿಸಿಕೊಳ್ಳಿ. ಕುರ್ಚಿಗೆ ಚಕ್ರ ಇರಬಾರದು, ಕೈ ಇರಬೇಕು. ನಿಂತು ಆಡುವುದು ಬೇಡವೇ ಬೇಡ. ಅರವತ್ತೈದರ ಮೇಲೆ ಬಿದ್ದರೆ ಸೊಂಟದ ಮೂಳೆಯ ಚಿಂತೆ, ಅಲ್ವಾ? ಕ್ವೆಸ್ಟ್‌ನ ಪಕ್ಕಕ್ಕೆ ಎರಡು ಸಲ ತಟ್ಟಿದರೆ ಹೊರಗಿನ ಕೋಣೆ ಕಾಣುವಂತೆ ಹೊಂದಿಸಿಡಬಹುದು. ಮೊದಲು ಕಲಿಸಬೇಕಾದ ಪಾಠ ಅದು.

ಇನ್ನು ನಮ್ಮ ಮನೆಗಳ ವಿಷಯ, ಕೈಪಿಡಿಯಲ್ಲಿ ಇಲ್ಲದ್ದು. ತುರುಬು ಕಟ್ಟಿದರೆ ಪಟ್ಟಿ ಕೂರುವುದಿಲ್ಲ, ಜಡೆ ಹಾಕಿಕೊಳ್ಳಿ. ಹೂವು ಮುಡಿದಿದ್ದರೆ ತೆಗೆದಿಡಿ. ತಲೆಗೆ ಎಣ್ಣೆ ಹಚ್ಚಿದ ದಿನ ಬೇಡ. ಕುಂಕುಮ, ವಿಭೂತಿ ಹಣೆಯ ಮೆತ್ತೆಗೆ ಮೆತ್ತಿಕೊಳ್ಳುತ್ತದೆ, ಒರೆಸಬಹುದಾದ ಸಿಲಿಕಾನ್ ಕವರ್ ಹಾಕಿಸಿ. ಕಿಟಕಿಯ ಬಿಸಿಲಿಗೆ ಮಾತ್ರ ಇಡಲೇಬೇಡಿ. ಲೆನ್ಸಿನ ಮೂಲಕ ಬಿಸಿಲು ಬಿದ್ದರೆ ಒಳಗಿನ ಪರದೆ ಸುಟ್ಟುಹೋಗುತ್ತದೆ. ಬ್ಯಾಟರಿ ಎರಡು ಗಂಟೆಗಿಂತ ಸ್ವಲ್ಪ ಹೆಚ್ಚು ಬರುತ್ತದೆ. ಕರೆಂಟ್ ಹೋದರೆ ಹೆಡ್‌ಸೆಟ್ ನಡೆಯುತ್ತಲೇ ಇರುತ್ತದೆ, ವೈಫೈ ನಿಲ್ಲುತ್ತದೆ. ಫೋನಿನ ಹಾಟ್‌ಸ್ಪಾಟ್‌ಗೆ ಬದಲಾಯಿಸುವುದನ್ನು ಕಲಿತಿಟ್ಟುಕೊಳ್ಳಿ.

ಒಳಗೆ ಎಲ್ಲಿಗೆ ಹೋಗುವುದು?

ಹೆಡ್‌ಸೆಟ್ ಕೊಂಡವರಲ್ಲಿ ಅರ್ಧ ಜನ ಸೋಲುವುದು ಇಲ್ಲೇ ಅಂತ ನನಗನ್ನಿಸುತ್ತದೆ. ವಿಆರ್‌ಚಾಟ್‌ನಂಥ ಸಾರ್ವಜನಿಕ ಜಾಗಗಳಿಗೆ ನೇರವಾಗಿ ಹೋಗುತ್ತಾರೆ. ಅಲ್ಲಿ ಹುಡುಗರ ಗದ್ದಲ, ವೇಗದ ಇಂಗ್ಲಿಷು, ಕೆಲವು ಸಲ ಕೆಟ್ಟ ಮಾತು. ಗಾಬರಿಯಾಗಿ ತೆಗೆದಿಡುತ್ತಾರೆ. ವಿಆರ್‌ಚಾಟ್ 2017ರಿಂದ ಇದೆ, ತುಂಬಾ ದೊಡ್ಡದು, ಸಾವಿರಾರು ಲೋಕಗಳಿವೆ. ಅದರಲ್ಲಿ ಒಳ್ಳೆಯ ಮೂಲೆಗಳೂ ಇವೆ. ಆದರೆ ಮೊದಲು ಆಹ್ವಾನ ಇದ್ದವರಿಗೆ ಮಾತ್ರ ಬಾಗಿಲು ತೆರೆಯುವ ಖಾಸಗಿ ಕೋಣೆ ಮಾಡಿಕೊಂಡು, ಗೊತ್ತಿರುವ ಇಬ್ಬರು ಮೂವರೇ ಹೋಗಿ. ತೊಂದರೆ ಕೊಡುವವರ ದನಿ ಮುಚ್ಚುವುದು, ಕಣ್ಣಿಗೇ ಕಾಣದಂತೆ ಮಾಡುವುದು ಹೇಗೆ ಅಂತ ಕಲಿತ ಮೇಲೆ ಹೊರಗೆ ಕಾಲಿಡಿ.

ಕನ್ನಡದ ಹಿರಿಯರಿಗೆ ನಾನು ಹೇಳುವ ಮೂರು ಬೇರೆ. ಒಂದು, ಮೇಲೆ ಹೇಳಿದ ಮಿನಿ ಗಾಲ್ಫ್. ಖಾಸಗಿ ಕೋಣೆಯಲ್ಲಿ ಎಂಟು ಜನರವರೆಗೆ ಆಡಬಹುದು, ನಿಯಮ ಕಲಿಯುವುದೇ ಬೇಡ. ಎರಡು, ವಾಂಡರ್. ಗೂಗಲ್‌ನ ಬೀದಿ ಚಿತ್ರಗಳ ಒಳಗೆ ಜೊತೆಯಾಗಿ ನಿಲ್ಲಬಹುದು. ಬೀದಿ ಚಿತ್ರಗಳ ಸೇವೆ 2022ರಲ್ಲಿ ಭಾರತದಲ್ಲೂ ಶುರುವಾಯಿತು, ಬೆಂಗಳೂರು ಮೊದಲ ಪಟ್ಟಿಯಲ್ಲೇ ಇತ್ತು. ಮಗಳಿರುವ ಬೀದಿಯಲ್ಲಿ ಅವಳ ಜೊತೆ ನಿಂತು "ಇದೇನಾ ನೀನು ತರಕಾರಿ ತರೋ ಅಂಗಡಿ?" ಅಂತ ಕೇಳಬಹುದು. ಮೂರು, ಬಿಗ್‌ಸ್ಕ್ರೀನ್. ದೊಡ್ಡ ಪರದೆಯ ಥಿಯೇಟರಿನಲ್ಲಿ ಒಟ್ಟಿಗೆ ಕೂತು ವಿಡಿಯೋ ನೋಡುವುದು. 1884ರಲ್ಲಿ ನಾಟಕ ಕಂಪನಿ ಹುಟ್ಟಿದ ಗುಬ್ಬಿ ನಮ್ಮ ಜಿಲ್ಲೆಯದೇ. ಕಂಪನಿ ನಾಟಕ ನೋಡಿ ಬೆಳೆದವರು ಇಲ್ಲಿ ಇನ್ನೂ ಇದ್ದಾರೆ. ರೆಕಾರ್ಡ್ ಆದ ಒಂದು ನಾಟಕ ಹಾಕಿಕೊಂಡು, ಪಕ್ಕದ ಸೀಟಿನಲ್ಲಿ ಹಳೆಯ ಗೆಳೆಯ ಇದ್ದರೆ ಅವರಿಗೆ ಆಗುವ ಖುಷಿಯೇ ಬೇರೆ.

ಮೆನುಗಳೆಲ್ಲ ಇಂಗ್ಲಿಷಿನಲ್ಲೇ. ಇಂಗ್ಲಿಷ್ ಓದಲು ಬಾರದವರಿಗೆ ಯಾವ ಚಿತ್ರ ಒತ್ತಿದರೆ ಏನಾಗುತ್ತದೆ ಅಂತ ಕನ್ನಡದಲ್ಲಿ ಒಂದು ಹಾಳೆ ಬರೆದು ಗೋಡೆಗೆ ಅಂಟಿಸಿ. ಕೆಲಸ ಮಾಡುತ್ತದೆ.

ಅಗ್ಗದ ಪೆಟ್ಟಿಗೆ, ಬರೀ ಫೋನು

ಫೋನನ್ನು ಒಳಗಿಟ್ಟು ನೋಡುವ ಪೆಟ್ಟಿಗೆಗಳೂ ಸಿಗುತ್ತವೆ. ಜಿಯೋಡೈವ್ 2023ರಲ್ಲಿ 1,299 ರೂಪಾಯಿಗೆ ಬಂತು, ಐಪಿಎಲ್ ನೋಡಲು ಅಂತ. ಇವು ನೋಡಲಿಕ್ಕೆ ಚೆನ್ನ, ಸೇರಲಿಕ್ಕಲ್ಲ. ಕೈಗೆ ಕಂಟ್ರೋಲರ್ ಇಲ್ಲ, ಎದ್ದು ಬಗ್ಗಿದರೆ ಒಳಗಿನ ಲೋಕ ಬಗ್ಗುವುದಿಲ್ಲ, ತಲೆಸುತ್ತು ಬೇಗ ಬರುತ್ತದೆ. ಗೆಳೆತನಕ್ಕೆ ಅಂತ ಇದನ್ನು ಕೊಳ್ಳಬೇಡಿ.

ಹೆಡ್‌ಸೆಟ್ ಇಲ್ಲದೆಯೂ ಕಂಪ್ಯೂಟರಿನಲ್ಲಿ, ಆಂಡ್ರಾಯ್ಡ್ ಫೋನಿನಲ್ಲಿ ವಿಆರ್‌ಚಾಟ್‌ಗೆ ಹೋಗಬಹುದು. ಹೆಡ್‌ಸೆಟ್ ಕೊಳ್ಳುವ ಮುಂಚೆ ಅಲ್ಲಿನ ವಾತಾವರಣ ಹೇಗಿದೆ ಅಂತ ಇಣುಕಿ ನೋಡಲು ಇದು ಸಾಕು.

ವಿಡಿಯೋ ಕಾಲ್: ಎಲ್ಲರ ಹತ್ತಿರವೂ ಇರುವುದು

ವಾಟ್ಸಾಪ್ ವಿಡಿಯೋ ಕಾಲ್‌ನಲ್ಲಿ 32 ಜನರವರೆಗೆ ಸೇರಬಹುದು. ಗೂಗಲ್ ಮೀಟ್‌ನಲ್ಲಿ ಉಚಿತ ಗುಂಪು ಕರೆ 60 ನಿಮಿಷ, ಝೂಮ್‌ನಲ್ಲಿ 40. ದುಡ್ಡಿಲ್ಲ, ತೂಕವಿಲ್ಲ, ತಲೆಸುತ್ತಿಲ್ಲ. ಎಲ್ಲಕ್ಕಿಂತ ದೊಡ್ಡ ಲಾಭ ಅಂದರೆ ಗೆಳೆಯರ ಹತ್ತಿರ ಇದು ಆಗಲೇ ಇದೆ. ಹೆಡ್‌ಸೆಟ್ ನಿಮ್ಮೊಬ್ಬರ ಹತ್ತಿರ ಇದ್ದು ಏನು ಪ್ರಯೋಜನ?

ಕೊರತೆ ಅಂದರೆ ಮಾತು ಬತ್ತುವುದು. ಅದಕ್ಕೂ ದಾರಿ ಇದೆ. ಗುಂಪಿಗೆ ಒಂದು ಕೆಲಸ ಕೊಡಿ. ಭಜನೆ ಮಂಡಳಿಯವರು ವಾರಕ್ಕೊಂದು ವಚನ ಆರಿಸಿ ಸರದಿಯಂತೆ ಹಾಡಲಿ. ಹಳೆಯ ಸಹೋದ್ಯೋಗಿಗಳು ಒಂದು ಪುಸ್ತಕದ ಎರಡೆರಡು ಪುಟ ಜೋರಾಗಿ ಓದಲಿ. ಒಟ್ಟಿಗೆ ಹಾಡುವುದು ಮಾತ್ರ ಬೇಡ, ದನಿ ಹಿಂದೆಮುಂದೆ ಆಗಿ ತಾಳ ತಪ್ಪುತ್ತದೆ. ಹೆಡ್‌ಸೆಟ್ಟಿನಲ್ಲೂ ಅದೇ ತೊಂದರೆ. ಮುಖ ಕಾಣುವುದು ಮುಖ್ಯ ಅನ್ನುವವರಿಗೆ, ಕಿವಿ ಮಂದವಾಗಿ ತುಟಿ ನೋಡಿ ಅರ್ಥ ಮಾಡಿಕೊಳ್ಳುವವರಿಗೆ ವಿಡಿಯೋ ಕಾಲೇ ಮೇಲು. ಗೊಂಬೆಯ ತುಟಿ ನೋಡಿ ಏನೂ ತಿಳಿಯುವುದಿಲ್ಲ.

ಊರಿನ ದಾರಿ

ತುಮಕೂರಿನ ಹಿರಿಯರಿಗೆ ಈ ಆಯ್ಕೆ ಬೇರೆ ಎಷ್ಟೋ ಊರಿಗಿಂತ ಸಲೀಸು. ಅಮಾನಿಕೆರೆ ಇದೆ, ಜೂನಿಯರ್ ಕಾಲೇಜು ಮೈದಾನ ಇದೆ. ಬೆಳಗಿನ ಜಾವ ಉಚಿತವಾಗಿ ಯೋಗ ಕಲಿಸುವ ಶ್ರೀ ಪತಂಜಲಿ ಯೋಗ ಶಿಕ್ಷಣ ಸಮಿತಿಯ ಬೇರು ಇರುವುದೇ ಈ ಊರಿನಲ್ಲಿ. ನಗೆಕೂಟ ಅನ್ನುವುದು 1995ರಲ್ಲಿ ಮುಂಬೈನ ಒಂದು ಪಾರ್ಕಿನಲ್ಲಿ ಡಾ. ಮದನ್ ಕಟಾರಿಯಾ ಅವರು ಬೆರಳೆಣಿಕೆಯ ಜನರನ್ನು ಕಟ್ಟಿಕೊಂಡು ಶುರು ಮಾಡಿದ್ದು. ನಾಲ್ಕು ಜನ ಸೇರಿದರೆ ಯಾವ ಪಾರ್ಕಿನಲ್ಲಾದರೂ ಆಗುತ್ತದೆ.

ಇವುಗಳಲ್ಲಿ ಇನ್ನೊಂದು ದೊಡ್ಡ ಗುಣ ಇದೆ. ನೀವು ಬರದಿದ್ದರೆ ಗೊತ್ತಾಗುತ್ತದೆ. "ಯಾಕ್ ಮೇಷ್ಟ್ರೇ, ಎರಡು ದಿನ ಕಾಣ್ಲಿಲ್ಲ? ಹುಷಾರಿಲ್ವಾ?" ಅಂತ ಕೇಳುತ್ತಾರೆ. ಒಬ್ಬರು ಮನೆ ಬಾಗಿಲಿಗೇ ಬಂದುಬಿಡುತ್ತಾರೆ. ಆಸ್ಪತ್ರೆಗೆ ಸೇರಿದರೆ ಎಳನೀರು ಹಿಡಿದು ಬರುವವರು ಇವರೇ. ಗೊಂಬೆ ರೂಪದ ಗೆಳೆಯ ಎಷ್ಟೇ ಒಳ್ಳೆಯವನಾದರೂ ರಾತ್ರಿ ಹನ್ನೊಂದಕ್ಕೆ ಆಟೋ ಕರೆದುಕೊಂಡು ಬರಲಾರ.

ಹೆಂಗಸರಿಗೆ 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಬಸ್ ಉಚಿತ. ಶಿರಾದಲ್ಲೋ ತಿಪಟೂರಿನಲ್ಲೋ ಇರುವ ಗೆಳತಿಯ ಮನೆಗೆ ತಿಂಗಳಿಗೊಮ್ಮೆ ಹೋಗಿಬರುವುದಕ್ಕೆ ಬಸ್ ಚಾರ್ಜೇ ಇಲ್ಲ. ಹೆಡ್‌ಸೆಟ್ಟಿನ ದುಡ್ಡಿನ ಬಗ್ಗೆ ಯೋಚಿಸುವ ಮುಂಚೆ ಇದನ್ನು ಯೋಚಿಸಿ. ಗಂಡಸರಿಗೆ 60 ದಾಟಿದ್ದರೆ ಕೆ.ಎಸ್‌.ಆರ್‌.ಟಿ.ಸಿ.ಯಲ್ಲಿ ಶೇ 25 ರಿಯಾಯಿತಿ ಇದೆ.

ಯಾರಿಗೆ ಯಾವುದು?

ನಡೆಯಬಲ್ಲವರು, ಊರಿಗೆ ಹೊಸಬರು, ಮಗನ ಮನೆಗೆ ಅಂತ ಹಳ್ಳಿಯಿಂದ ಬಂದು ಅಪಾರ್ಟ್‌ಮೆಂಟ್ ಸೇರಿದವರು: ಪಾರ್ಕು, ಯೋಗ, ಭಜನೆ. ಎರಡು ತಿಂಗಳು ಒಂದೇ ಜಾಗಕ್ಕೆ, ಒಂದೇ ಹೊತ್ತಿಗೆ ಹೋಗಿ. ಜಾಗ ಬದಲಾಯಿಸಬೇಡಿ.

ಹಾಸಿಗೆ ಹಿಡಿದ ಗಂಡನನ್ನೋ ಹೆಂಡತಿಯನ್ನೋ ನೋಡಿಕೊಳ್ಳುತ್ತಾ ಮನೆಯಲ್ಲೇ ಇರುವವರ ವಿಷಯ ಸೂಕ್ಷ್ಮ. ಹೆಡ್‌ಸೆಟ್ ಹಾಕಿದರೆ ಕಣ್ಣೂ ಕಿವಿಯೂ ಎರಡೂ ಮುಚ್ಚಿದ ಹಾಗೆ, ಒಳಗಿನ ಕೋಣೆಯಿಂದ ಕರೆದರೆ ಕೇಳಿಸದೇ ಹೋಗಬಹುದು. ಇನ್ನೊಬ್ಬರು ಮನೆಯಲ್ಲಿ ಇರುವ ಹೊತ್ತಿಗೆ ಮಾತ್ರ ಇಟ್ಟುಕೊಳ್ಳಿ. ಇಲ್ಲದಿದ್ದರೆ ವಿಡಿಯೋ ಕಾಲ್. ಆ ಅರ್ಧ ಗಂಟೆಗಾದರೂ ಮಕ್ಕಳೋ ನೆಂಟರೋ ಬಂದು ಕೂತರೆ ಅದೇ ಅವರಿಗೆ ದೊಡ್ಡ ಬಿಡುವು.

ಮಂಡಿ, ಸೊಂಟ ಹಿಡಿದು ಮನೆಯಲ್ಲೇ ಕೂತವರು, ಆದರೆ ಕಣ್ಣು ಚೆನ್ನಾಗಿದೆ, ದೂರದಲ್ಲಿ ಒಬ್ಬ ಅಕ್ಕನೋ ಗೆಳೆಯನೋ ಇದ್ದಾರೆ ಅಂದರೆ ಹೆಡ್‌ಸೆಟ್ ಕೊಳ್ಳಿ. ಎರಡು ಕೊಳ್ಳಿ, ಆ ಕಡೆಗೂ ಒಂದು. ಒಂದೇ ಕೊಳ್ಳುವಷ್ಟು ದುಡ್ಡಿದ್ದರೆ ಸದ್ಯಕ್ಕೆ ಬೇಡ. ಹೊತ್ತು ಮೊದಲೇ ಗೊತ್ತು ಮಾಡಿಕೊಳ್ಳಿ. ಇಲ್ಲಿ ಸಂಜೆ ಏಳಾದಾಗ ನ್ಯೂಜೆರ್ಸಿಯಲ್ಲಿ ಬೇಸಿಗೆಯಲ್ಲಿ ಬೆಳಿಗ್ಗೆ ಒಂಬತ್ತೂವರೆ, ಚಳಿಗಾಲದಲ್ಲಿ ಎಂಟೂವರೆ. ಇಬ್ಬರಿಗೂ ಹೊಂದುತ್ತದೆ.

ಮರೆವಿನ ಕಾಯಿಲೆ ಇರುವವರಿಗೆ ಮನೆಯವರೇ ನಿರ್ಧರಿಸಿ ಹಾಕಬೇಡಿ. ಯಾವುದು ನಿಜ, ಯಾವುದು ಒಳಗಿನದು ಅನ್ನುವ ಗೊಂದಲ ಅವರಿಗೆ ಭಯ ತರಬಹುದು. ಡಾಕ್ಟರ್ ಹೇಳಿದರೆ ಮಾತ್ರ.

ದುಡ್ಡು, ಮೋಸ, ಮತ್ತು ಫೋನ್ ನಂಬರು

ಒಳಗೆ ಪರಿಚಯವಾದವರು ದುಡ್ಡು ಕೇಳಿದರೆ, ಒ.ಟಿ.ಪಿ. ಕೇಳಿದರೆ, ಯಾವುದಾದರೂ ಸ್ಕೀಮಿನಲ್ಲಿ ಹಾಕಿ ಅಂದರೆ ಅಲ್ಲಿಗೇ ನಿಲ್ಲಿಸಿ. ಮೋಸ ಆಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಬೇಗ ಹೇಳಿದಷ್ಟೂ ಹಣ ತಡೆಯುವ ಅವಕಾಶ ಜಾಸ್ತಿ. ಹಿರಿಯರ ಬೇರೆ ಯಾವುದೇ ಕಷ್ಟಕ್ಕೆ, ಮಾತಾಡಲು ಯಾರೂ ಇಲ್ಲ ಅನ್ನಿಸಿದಾಗಲೂ, 14567 ಸಹಾಯವಾಣಿ ಇದೆ. ಬೆಳಿಗ್ಗೆ ಎಂಟರಿಂದ ರಾತ್ರಿ ಎಂಟರವರೆಗೆ, ಉಚಿತ.

ವಿ.ಆರ್. ಜಾಗಗಳು ಬಾಗಿಲು ಹಾಕುವುದೂ ಉಂಟು. ಆಲ್ಟ್‌ಸ್ಪೇಸ್ ಅನ್ನುವ ಜಾಗದಲ್ಲಿ 2015ರಿಂದ ಜನ ಸೇರುತ್ತಿದ್ದರು. ಮೈಕ್ರೋಸಾಫ್ಟ್ ಅದನ್ನು ಕೊಂಡು, 2023ರ ಮಾರ್ಚ್ 10ಕ್ಕೆ ಮುಚ್ಚಿತು. ಮೊಜಿಲ್ಲಾ ಹಬ್ಸ್ 2024ರ ಮೇ ಕೊನೆಗೆ ನಿಂತಿತು. ಪಾರ್ಕಿನಲ್ಲಿ ಗೇಟು ಹಾಕಿದರೆ ಜನ ಪಕ್ಕದ ಟೀ ಅಂಗಡಿಯಲ್ಲಿ ಸಿಗುತ್ತಾರೆ, ಇಲ್ಲಿ ಹಾಗಾಗುವುದಿಲ್ಲ. ಹಾಗಾಗಿ ಕೆಲವು ತಿಂಗಳ ಒಡನಾಟದಿಂದ ಇವರು ನಂಬಿಕಸ್ಥರು ಅಂತ ಖಾತ್ರಿಯಾದ ಮೇಲೆ, ಮನೆಯವರಿಗೂ ಹೇಳಿ, ನಂಬರು ಬದಲಾಯಿಸಿಕೊಳ್ಳಿ. ಫೋನಿನಲ್ಲಿ ಮಾತ್ರ ಇದ್ದರೆ ಸಾಲದು, ಪುಸ್ತಕದಲ್ಲೂ ಬರೆದಿಡಿ.

ಕೊನೆಯದಾಗಿ, ಕೊಳ್ಳುವ ಮುಂಚೆ ಒಮ್ಮೆ ಹಾಕಿ ನೋಡಿ. ನಿಮ್ಮ ಬೀದಿಯಲ್ಲೇ ಯಾರದೋ ಬೀರುವಿನಲ್ಲಿ ಒಂದು ಸುಮ್ನೆ ಕೂತಿರಬಹುದು. ಒಂದು ಭಾನುವಾರ ಕೇಳಿ ತರಿಸಿ, ಕುರ್ಚಿಯಲ್ಲಿ ಕೂತು ಇಪ್ಪತ್ತು ನಿಮಿಷ ಹಾಕಿಕೊಳ್ಳಿ. ಮಾರನೇ ದಿನವೂ ತಲೆ ಭಾರ, ಕಣ್ಣು ಉರಿ ಇದ್ದರೆ ಹಿಂದಿರುಗಿಸಿ. ಏನೂ ಇಲ್ಲ, ಇನ್ನೊಮ್ಮೆ ಹಾಕಿಕೊಳ್ಳೋಣ ಅನ್ನಿಸಿದರೆ, ದೂರದ ಗೆಳತಿಗೆ ಫೋನ್ ಮಾಡಿ ಅವರೂ ಕೊಳ್ಳುತ್ತಾರಾ ಕೇಳಿ.